ಮೂರರಲ್ಲಿ ಎರಡು ಅತ್ತ, ಒಂದು ಇತ್ತ

ಬೆಂಗಳೂರಿನ ಯಾವುದಾದರೂ ಕಚೇರಿಯ ಕಾಫಿ ಮೆಷಿನ್ ಪಕ್ಕ ಸ್ವಲ್ಪ ಹೊತ್ತು ನಿಲ್ಲಿ. "ಕ್ಲೈಂಟ್ ಜೊತೆ ಫಾಲೋ ಅಪ್ ಮಾಡಿದ್ಯಾ?" ಎಂಬ ಮಾತು ಕಿವಿಗೆ ಬೀಳದೆ ಇರುವುದಿಲ್ಲ. ಇದರ ಇಂಗ್ಲಿಷ್ ರೂಪ "ಫಾಲೋ ಅಪ್ ವಿತ್ ದ ಕ್ಲೈಂಟ್". ಅದರಲ್ಲಿ "ಫಾಲೋ ಅಪ್" ಇಡಿಯಾಗಿ ಕನ್ನಡಕ್ಕೆ ಬಂದು "ಮಾಡು" ಸೇರಿಸಿಕೊಂಡಿತು. "ವಿತ್" ಮಾತ್ರ ಹೊಸ್ತಿಲ ಆಚೆಗೇ ಉಳಿಯಿತು. ಅದರ ಕೆಲಸವನ್ನು ನಮ್ಮ "ಜೊತೆ" ವಹಿಸಿಕೊಂಡಿತು. ಎಷ್ಟೇ ಇಂಗ್ಲಿಷ್ ಬೆರೆಸಿ ಮಾತಾಡುವವರ ಬಾಯಲ್ಲೂ "ಕ್ಲೈಂಟ್ ಫಾಲೋ ಅಪ್ ವಿತ್ ಮಾಡಿದ್ಯಾ" ಎಂದು ಬರುವುದಿಲ್ಲ.

ಇದೊಂದೇ ಅಲ್ಲ. "ಲಾಗ್ ಇನ್ ಟು ದ ಆ್ಯಪ್" ನಮ್ಮಲ್ಲಿ "ಆ್ಯಪ್‌ಗೆ ಲಾಗಿನ್ ಆಗು". "ಸೈನ್ ಅಪ್ ಫಾರ್ ದ ಕೋರ್ಸ್" ಎಂಬುದು "ಕೋರ್ಸಿಗೆ ಸೈನ್ ಅಪ್ ಆಗು". "ಬ್ರೇಕ್ ಅಪ್ ವಿತ್ ಹಿಮ್" ಎಂಬುದು "ಅವನ ಜೊತೆ ಬ್ರೇಕಪ್ ಆಯ್ತು". ಪ್ರತಿ ಸಲವೂ ಮೊದಲ ಎರಡು ಪದ ಒಟ್ಟಿಗೆ ಒಳಗೆ ಬರುತ್ತವೆ, ಮೂರನೆಯದು ಬಾಗಿಲಲ್ಲೇ ನಿಲ್ಲುತ್ತದೆ. ಆ ಮೂರನೆಯದರ ಜಾಗಕ್ಕೆ ನಮ್ಮ "ಗೆ", "ಇಗೆ", "ಜೊತೆ" ಬಂದು ಕೂರುತ್ತವೆ. ಇದನ್ನು ಯಾವ ಮೇಷ್ಟರೂ ಕಲಿಸಿದ್ದಲ್ಲ.

ಇದಕ್ಕೆ ಉಲ್ಟಾ ಸಾಕ್ಷ್ಯವೂ ಇದೆ. ಇಂಗ್ಲಿಷಿನ ಪ್ರಿಪೊಸಿಷನ್ನುಗಳು ಕನ್ನಡಕ್ಕೆ ಬಂದೇ ಇಲ್ಲ ಎನ್ನುವಂತಿಲ್ಲ. "ಸಾಹೇಬರು ಔಟ್ ಆಫ್ ಸ್ಟೇಷನ್", "ಅವರು ಆನ್ ಡ್ಯೂಟಿ ಇದ್ದಾರೆ", "ಆನ್ ದ ವೇ ಇದೀನಿ", "ಪದ್ಯ ಬೈಹಾರ್ಟ್ ಮಾಡು". ಇಲ್ಲೆಲ್ಲ ಪ್ರಿಪೊಸಿಷನ್ ತನ್ನ ನಾಮಪದವನ್ನು ಕರೆದುಕೊಂಡೇ ಬಂದಿದೆ. ಒಂಟಿಯಾಗಿ ಬಂದ "ಆಫ್", ಒಂಟಿಯಾಗಿ ಬಂದ "ವಿತ್" ನಮ್ಮಲ್ಲಿಲ್ಲ. ("ಫ್ಯಾನ್ ಆಫ್ ಮಾಡು" ಎನ್ನುವಾಗಿನ "ಆಫ್" ಬೇರೆ. ಅದು "ಸ್ವಿಚ್ ಆಫ್"ನಲ್ಲಿ ಕ್ರಿಯಾಪದದ ಬೆನ್ನಿಗೆ ಅಂಟಿದ್ದು.) ಅಂದರೆ ಕನ್ನಡಿಗರ ನಾಲಿಗೆ ಇಂಗ್ಲಿಷಿನ ಈ ಪುಟ್ಟ ಪದಗಳಲ್ಲಿ ಯಾವುದು ಕ್ರಿಯಾಪದದ ಕಡೆಯದು, ಯಾವುದು ನಾಮಪದದ ಕಡೆಯದು ಎಂದು ಸರಿಯಾಗಿ ಗುರುತಿಸಿ, ಕೀಲು ಇರುವಲ್ಲಿಯೇ ಮುರಿಯುತ್ತದೆ.

ವಿಚಿತ್ರವೆಂದರೆ ಇದೇ ಜನ ಇಂಗ್ಲಿಷ್ ವ್ಯಾಕರಣದ ಪುಸ್ತಕ ಹಿಡಿದು ಕೂತಾಗ ಫ್ರೇಸಲ್ ವರ್ಬ್ ಎಂದರೆ ಬೆವರುತ್ತಾರೆ. ತಪ್ಪು ಅವರದಲ್ಲ. ಸ್ಪರ್ಧಾತ್ಮಕ ಪರೀಕ್ಷೆಯ ಗೈಡುಗಳಲ್ಲಿ "ಪುಟ್ ಅಪ್ ವಿತ್: ಸಹಿಸು", "ರನ್ ಔಟ್ ಆಫ್: ಮುಗಿದುಹೋಗು", "ಕಮ್ ಅಪ್ ವಿತ್: ಹೊಳೆಯಿಸು" ಎಂದು ಉದ್ದಕ್ಕೂ ಪಟ್ಟಿ ಇರುತ್ತದೆ. ಮೂರೂ ಪದ ಸೇರಿ ಒಂದು ಗಂಟು, ಗಂಟಿಗೊಂದು ಅರ್ಥ, ನುಂಗಿ ನೆನಪಿಟ್ಟುಕೊಳ್ಳಿ. ಅರ್ಥವೇನೋ ನೆನಪಿರುತ್ತದೆ. ವಾಕ್ಯ ಕಟ್ಟುವಾಗ ಏನನ್ನು ಎಲ್ಲಿ ಬಿಡಿಸಬೇಕು, ನಡುವೆ ಏನನ್ನು ತೂರಿಸಬಹುದು ಎಂಬುದು ಗೊತ್ತಾಗುವುದಿಲ್ಲ, ಏಕೆಂದರೆ ಗಂಟಿಗೆ ಕೀಲು ಇದೆ ಎಂದು ಪಟ್ಟಿ ಹೇಳಿಯೇ ಇರುವುದಿಲ್ಲ.

"ರನ್ ಔಟ್" ಎಂದರೆ ನಮಗೆ ಮೊದಲು ನೆನಪಾಗುವುದು ಕ್ರಿಕೆಟ್. ಅಡುಗೆಮನೆಯಲ್ಲಿ ಈ ಜೋಡಿಯ ಕಥೆ ಬೇರೆ: "ವಿ ಹ್ಯಾವ್ ರನ್ ಔಟ್ ಆಫ್ ಮಿಲ್ಕ್", ಹಾಲು ಮುಗಿದುಹೋಗಿದೆ. ಹಾಲಿದೆಯೇ ಎಂದು ಅಂಗಡಿಯಲ್ಲಿ ಕೇಳಿದರೆ ಬರುವ ಉತ್ತರ "ಸಾರಿ, ವಿ ಹ್ಯಾವ್ ರನ್ ಔಟ್". "ಆಫ್ ಮಿಲ್ಕ್" ಎರಡೂ ಒಟ್ಟಿಗೆ ಬಿದ್ದುಹೋದವು, ವಾಕ್ಯ ಕುಂಟಲಿಲ್ಲ. "ವಿ ಹ್ಯಾವ್ ರನ್ ಔಟ್ ಆಫ್" ಎಂದು ಮಾತು ನಿಲ್ಲಿಸಿದರೆ ಮಾತ್ರ ಕೇಳುವವರು ಬಾಯಿ ನೋಡುತ್ತಾರೆ. "ಆಫ್" ಇರುವುದು ಹಾಲಿನ ಕಡೆ. ಹಾಲು ಹೋದರೆ ಅದೂ ಹೋಗಬೇಕು.

ಇನ್ನೊಂದು ಪರೀಕ್ಷೆ "ಗೆಟ್ ಆನ್ ವಿತ್", ಅಂದರೆ ಹೊಂದಿಕೊಂಡು ಹೋಗುವುದು. ಸೊಸೆ ಅತ್ತೆಯ ಜೊತೆ ಚೆನ್ನಾಗಿ ಹೊಂದಿಕೊಂಡಿದ್ದಾಳೆ ಎನ್ನಲು ಇಂಗ್ಲಿಷಿನಲ್ಲಿ "ಗೆಟ್ಸ್ ಆನ್ ವೆಲ್ ವಿತ್ ಹರ್ ಮದರ್ ಇನ್ ಲಾ" ಎನ್ನುತ್ತಾರೆ. "ಚೆನ್ನಾಗಿ" ಎಂಬ ಅರ್ಥದ "ವೆಲ್" ಕೂತ ಜಾಗ ನೋಡಿ. "ಗೆಟ್" ಮತ್ತು "ಆನ್" ನಡುವೆ ಅದಕ್ಕೆ ಪ್ರವೇಶವಿಲ್ಲ. "ವಿತ್" ಮತ್ತು ಅತ್ತೆಯ ನಡುವೆಯೂ ಇಲ್ಲ. "ಆನ್" ಮುಗಿದು "ವಿತ್" ಶುರುವಾಗುವ ಕಡೆಯಲ್ಲೇ ಬಿರುಕಿದೆ, ಅಲ್ಲೇ ಅದು ನುಸುಳಿತು. ಕಿವಿಗೂ ಇದು ಗೊತ್ತಾಗುತ್ತದೆ. ಇಂಗ್ಲಿಷ್ ಮನೆಮಾತಾದವರು "ಪುಟ್ ಅಪ್ ವಿತ್" ಎನ್ನುವಾಗ ಒತ್ತು "ಅಪ್" ಮೇಲೆ ಬೀಳುತ್ತದೆ. "ವಿತ್" ಹಗುರಾಗಿ ಮುಂದಿನ ಪದಕ್ಕೆ ಜಾರುತ್ತದೆ. ನಾವು ಎಲ್ಲ ಅಕ್ಷರಕ್ಕೂ ಸಮಾನ ತೂಕ ಕೊಟ್ಟು ಉಚ್ಚರಿಸುವವರು, ಹಾಗಾಗಿ ಈ ಸುಳಿವು ನಮ್ಮ ತರಗತಿಗಳಲ್ಲಿ ಕೇಳಿಸುವುದೇ ಕಡಿಮೆ.

ಹಾಗಿದ್ದೂ ನಾಲಿಗೆಗೆ ಇದು ಹೇಗೆ ಗೊತ್ತಾಯಿತು? ನನಗನ್ನಿಸುವ ಉತ್ತರ ಇಷ್ಟು: ಕನ್ನಡದಲ್ಲೂ ಇದೇ ಜೋಡಣೆ ಇದೆ, ಕನ್ನಡಿಯಲ್ಲಿ ಕಂಡಂತೆ ಹಿಂದುಮುಂದಾಗಿ. "ಬ್ಯಾಕ್ ಔಟ್ ಆಫ್ ದ ಡೀಲ್" ಎಂಬುದನ್ನು ನಮ್ಮ ಪತ್ರಿಕೆಗಳು "ಒಪ್ಪಂದದಿಂದ ಹಿಂದೆ ಸರಿ" ಎಂದು ಬರೆಯುತ್ತವೆ. ಇಂಗ್ಲಿಷಿನ ಸಾಲು ಕ್ರಿಯೆಯಿಂದ ಶುರುವಾಗಿ ದಿಕ್ಕು ಹೇಳುವ ಪದ, ಪ್ರಿಪೊಸಿಷನ್, ಕೊನೆಗೆ ನಾಮಪದ ಎಂದು ಸಾಗುತ್ತದೆ. ಕನ್ನಡದ್ದು ನಾಮಪದದಿಂದ ಹೊರಟು ವಿಭಕ್ತಿ, ದಿಕ್ಕು ಹೇಳುವ ಪದ, ಕೊನೆಗೆ ಕ್ರಿಯೆ. ನಮ್ಮ "ಇಂದ" ಒಪ್ಪಂದಕ್ಕೆ ಅಂಟಿದೆ, "ಹಿಂದೆ" ಸರಿಯುವುದಕ್ಕೆ ಸೇರಿದೆ. ಯಾರೂ "ದಿಂದ ಹಿಂದೆ ಸರಿ" ಎಂಬುದನ್ನು ಒಂದು ಗಂಟೆಂದು ಬಾಯಿಪಾಠ ಮಾಡಿಲ್ಲ. "ಲುಕ್ ಫಾರ್ವರ್ಡ್ ಟು" ಎಂಬುದಕ್ಕಂತೂ ನಮ್ಮಲ್ಲಿ ಮೊದಲಿನಿಂದ "ಎದುರು ನೋಡು" ಇದೆ. ನೋಡುವುದೂ ಅದೇ, ಮುಂದೆ ಎಂಬುದೂ ಅದೇ. ಪತ್ರವನ್ನು ಎದುರು ನೋಡು ಎನ್ನುವಾಗ ಪತ್ರಕ್ಕೆ ಹತ್ತುವ "ಅನ್ನು" ಇಂಗ್ಲಿಷಿನ "ಟು" ಮಾಡುವ ಕೆಲಸವನ್ನೇ ಮಾಡುತ್ತದೆ.

ದಿಕ್ಕಿನ ಪದವಿಲ್ಲದ ಕಡೆ ಕನ್ನಡ ಇನ್ನೊಂದು ಕ್ರಿಯಾಪದವನ್ನು ಬಾಲಕ್ಕೆ ಕಟ್ಟುತ್ತದೆ. "ಈಟ್ ಅಪ್" ಎಂದರೆ ತಿಂದುಬಿಡು, "ನೋಟ್ ಡೌನ್" ಎಂದರೆ ಬರೆದುಕೋ. ಹಾಲು "ಮುಗಿದುಹೋಯಿತು" ಎನ್ನುವಾಗ ಹಾಲೇನೂ ಎಲ್ಲಿಗೂ ನಡೆದು ಹೋಗಿಲ್ಲ. "ರನ್ ಔಟ್" ಎನ್ನುವಾಗ ಅದು ಹೊರಗೆ ಓಡಿಯೂ ಇಲ್ಲ. ಇಂಗ್ಲಿಷಿನ "ಔಟ್"ಗೂ ನಮ್ಮ "ಹೋಗು"ಗೂ ಇಲ್ಲಿರುವುದು ಮುಗಿಯಿತೆಂಬ ಮುದ್ರೆ ಒತ್ತುವ ಕೆಲಸ.

ಎಲ್ಲ ಜೋಡಿಗಳಲ್ಲೂ ಎರಡನೆಯ ಪದ ಕ್ರಿಯಾಪದದ ಕಡೆಯದೇ ಎಂದುಕೊಳ್ಳಬಾರದು. "ಲುಕ್ ಆಫ್ಟರ್ ದ ಚೈಲ್ಡ್" ಎನ್ನುವಲ್ಲಿ "ಆಫ್ಟರ್" ಮಗುವಿನ ಕಡೆ. "ಲುಕ್ ಅಪ್ ದ ವರ್ಡ್", ಪದದ ಅರ್ಥ ಹುಡುಕು, ಎನ್ನುವಲ್ಲಿ "ಅಪ್" ಕ್ರಿಯೆಯ ಕಡೆ. ನಾಮಪದದ ಬದಲು ಸರ್ವನಾಮ ಹಾಕಿದ ಕೂಡಲೇ ಗುಟ್ಟು ರಟ್ಟಾಗುತ್ತದೆ: "ಲುಕ್ ಇಟ್ ಅಪ್" ಸರಿ, "ಲುಕ್ ಹಿಮ್ ಆಫ್ಟರ್" ತಪ್ಪು. ಒಂದೇ "ಲುಕ್ ಅಪ್" ಕೂಡ ಪಕ್ಷ ಬದಲಿಸಬಹುದು. ಮರದ ಮೇಲಕ್ಕೆ ಕತ್ತೆತ್ತಿ ನೋಡುವ "ಲುಕ್ ಅಪ್ ದ ಟ್ರೀ"ಯಲ್ಲಿ "ಅಪ್" ಮರದ ಜೊತೆಗಿದೆ. ಅದನ್ನು "ಲುಕ್ ದ ಟ್ರೀ ಅಪ್" ಎಂದು ತಿರುಗಿಸಿದರೆ ನೀವು ನಿಘಂಟಿನಲ್ಲಿ ಮರ ಹುಡುಕುತ್ತಿದ್ದೀರಿ ಎಂದಾಗುತ್ತದೆ.

ಈಗ "ಪುಟ್ ಅಪ್" ಎಂಬ ಒಂದೇ ಜೋಡಿಯನ್ನು ಹತ್ತಿರದಿಂದ ನೋಡೋಣ, ಏಕೆಂದರೆ ನಮ್ಮ ನಾಡಿನ ಇಂಗ್ಲಿಷಿನಲ್ಲಿ ಇದಕ್ಕೆ ಸಿಕ್ಕಿರುವಷ್ಟು ಉದ್ಯೋಗ ಬೇರೆ ಯಾವ ಜೋಡಿಗೂ ಸಿಕ್ಕಿಲ್ಲವೇನೋ. ಗೋಡೆಗೆ ಪೋಸ್ಟರ್ ಅಂಟಿಸುವುದು ಪುಟ್ ಅಪ್. ಮನೆಯನ್ನು ಮಾರಾಟಕ್ಕಿಡುವುದು ಪುಟ್ ಅಪ್, ಮುಂದೆ "ಫಾರ್ ಸೇಲ್" ಬಂದರೆ. ಊರಿಗೆ ಹೊಸಬರಾಗಿ ಬಂದವರನ್ನು ಹಳೆಯ ತಲೆಮಾರಿನವರು "ವೇರ್ ಆರ್ ಯು ಪುಟ್ ಅಪ್?" ಎಂದು ಕೇಳುತ್ತಿದ್ದರು, ಎಲ್ಲಿ ಉಳಿದುಕೊಂಡಿದ್ದೀರಿ ಎಂದರ್ಥ. ಉತ್ತರ "ಅಟ್"ನಿಂದ ಶುರು: ಚಿಕ್ಕಪ್ಪನ ಮನೆಯಲ್ಲಿ, ಇಲ್ಲವೇ ಲಾಡ್ಜಿನಲ್ಲಿ. ಅಮೆರಿಕದಲ್ಲಿ ಹೀಗೆ ಕೇಳಿದರೆ ಎದುರಿನವರು ಅರೆಕ್ಷಣ ತಬ್ಬಿಬ್ಬಾಗಬಹುದು. ಸರ್ಕಾರಿ ಕಚೇರಿಗೆ ಬಂದರೆ ಅಲ್ಲಿ ಪುಟ್ ಅಪ್ ಎಂದರೆ ಕಡತ ಮಂಡಿಸುವುದು. ಕೆಳಗಿನವರು ಫೈಲನ್ನು ಮೇಲಿನವರಿಗೆ "ಪುಟ್ ಅಪ್" ಮಾಡುತ್ತಾರೆ, ಅನುಮೋದನೆಗಾದರೆ "ಫಾರ್ ಅಪ್ರೂವಲ್" ಎಂಬ ಬಾಲ ಬರುತ್ತದೆ. ಇಲ್ಲಿಯ "ಅಪ್" ಅಧಿಕಾರದ ಏಣಿಯಲ್ಲಿ ನಿಜವಾಗಿಯೂ ಮೇಲಕ್ಕೆ ಏರುತ್ತದೆ ಎಂಬುದು ನನಗೆ ಇಷ್ಟವಾದ ಸಂಗತಿ.

ಇದೇ "ಪುಟ್ ಅಪ್"ಗೆ "ಟು" ಸೇರಿದಾಗ ಇನ್ನೂ ಒಂದು ಅರ್ಥ ಹುಟ್ಟುತ್ತದೆ. ಹುಡುಗ ಕಿಟಕಿ ಗಾಜು ಒಡೆದಾಗ "ಹೂ ಪುಟ್ ಯು ಅಪ್ ಟು ದಿಸ್?" ಎಂದು ಕೇಳಿದರೆ, ನಿನ್ನನ್ನು ಎತ್ತಿಕಟ್ಟಿದವರು ಯಾರು ಎಂದರ್ಥ. "ಎತ್ತಿಕಟ್ಟು" ಎನ್ನುವಾಗ ನಾವೂ ಒಬ್ಬನನ್ನು ಮೇಲಕ್ಕೆತ್ತಿಯೇ ದುಷ್ಟ ಕೆಲಸಕ್ಕೆ ಹಚ್ಚುತ್ತೇವೆ! ಈಗ ಕಚೇರಿಯ ಪುಟ್ ಅಪ್ ಪಕ್ಕ ಇದನ್ನಿಡಿ. ಗುಮಾಸ್ತ ಕಡತವನ್ನು ಅಧಿಕಾರಿಗೆ "ಪುಟ್ ಅಪ್" ಮಾಡಿದರೆ ಅದು ದಿನನಿತ್ಯದ ಕೆಲಸ. ಅವನೇ ಅಧಿಕಾರಿಯನ್ನು ಯಾವುದೋ ಕೆಲಸಕ್ಕೆ "ಪುಟ್ ಅಪ್" ಮಾಡಿದರೆ ಇಲಾಖಾ ವಿಚಾರಣೆ ನಡೆದೀತು. ಕ್ರಿಯಾಪದ ಅದೇ, "ಅಪ್" ಅದೇ, "ಟು" ಕೂಡ ಅದೇ. ಯಾರು ನಡುವೆ ಕೂತಿದ್ದಾರೆ, "ಟು" ಯಾರ ಕೈ ಹಿಡಿದಿದೆ ಎಂಬುದರ ಮೇಲೆ ಅರ್ಥ ನಿಂತಿದೆ. ಕನ್ನಡದಲ್ಲಿ ಇದನ್ನು ಹೇಳುವಾಗ ನಾನು ಮಾಡಿದ್ದೂ "ಅನ್ನು", "ಗೆ"ಗಳನ್ನು ಅದಲುಬದಲು ಮಾಡಿದ್ದಷ್ಟೇ.

ಕೊನೆಯದು "ಪುಟ್ ಅಪ್ ವಿತ್". ಪಕ್ಕದ ಮನೆಯ ಗದ್ದಲ, ಮಂತ್ರಿಗಳ ಭಾಷಣ, ಸೊಳ್ಳೆ ಎಲ್ಲವನ್ನೂ ಸಹಿಸಿಕೊಳ್ಳುವುದು. ಇಲ್ಲಿ "ವಿತ್" ಮತ್ತು ಅದರ ನಾಮಪದವನ್ನು ಬೀಳಿಸಲಾಗದು. ಹಾಲಿನ ಅಂಗಡಿಯ ಪರೀಕ್ಷೆ ಇಲ್ಲಿ ನಡೆಯುವುದಿಲ್ಲ. ಅಂದರೆ ಕೀಲು ಎಲ್ಲೆಡೆ ಒಂದೇ ಸಮ ಸಡಿಲವಾಗಿಲ್ಲ. ಕೆಲವು ಕಡೆ ಅದು ತುಕ್ಕು ಹಿಡಿದು ಬಿಗಿದಿದೆ. ಆದರೂ "ಪುಟ್ ಅಪ್ ಪೇಷಂಟ್ಲಿ ವಿತ್" ಎಂದು ತಾಳ್ಮೆಯನ್ನು ಅದೇ ಬಿರುಕಿನಲ್ಲಿ ತೂರಿಸಬಹುದು.

ಪರಭಾಷಿಕರನ್ನು ಇದು ಕಾಡುತ್ತದೆ ಎಂಬುದು ಹೊಸ ಅರಿವೇನಲ್ಲ. ಸ್ಯಾಮ್ಯುಯೆಲ್ ಜಾನ್ಸನ್ 1755ರಲ್ಲಿ ತನ್ನ ನಿಘಂಟನ್ನು ಹೊರತಂದಾಗ, ಕ್ರಿಯಾಪದದ ಹಿಂದೆ ಪುಟ್ಟ ಪದ ಸೇರಿಸಿ ಅರ್ಥ ತಿರುಗಿಸುವ ಈ ಅಭ್ಯಾಸವೇ ಹೊರಗಿನವರಿಗೆ ಅತಿ ಕಷ್ಟದ್ದು ಎಂದು ಮುನ್ನುಡಿಯಲ್ಲೇ ಬರೆದು ಉದಾಹರಣೆಗಳ ಸಾಲನ್ನೇ ಕೊಟ್ಟ. ಫ್ರೇಸಲ್ ವರ್ಬ್ ಎಂಬ ಹೆಸರು ಮಾತ್ರ ಬಹಳ ತಡವಾಗಿ ಬಂತು. ಲೋಗನ್ ಪಿಯರ್ಸಲ್ ಸ್ಮಿತ್ 1925ರ ತನ್ನ ಪುಸ್ತಕದಲ್ಲಿ ಅದನ್ನು ಬಳಸಿ, ಆಕ್ಸ್‌ಫರ್ಡ್ ನಿಘಂಟಿನ ಸಂಪಾದಕ ಹೆನ್ರಿ ಬ್ರಾಡ್ಲಿ ಸೂಚಿಸಿದ್ದು ಎಂದ. ಕೇಂಬ್ರಿಜ್‌ನಿಂದ 2002ರಲ್ಲಿ ಬಂದ ದಪ್ಪ ವ್ಯಾಕರಣ ಗ್ರಂಥದ ಕರ್ತೃಗಳಿಗೆ ಆ ಹೆಸರೇ ಒಪ್ಪಿಗೆಯಿಲ್ಲ. ಅವರ ಪ್ರಕಾರ ಈ "ಅಪ್", "ಔಟ್"ಗಳು ನಾಮಪದವಿಲ್ಲದೆ ನಿಂತ ಪ್ರಿಪೊಸಿಷನ್ನುಗಳೇ. ಪಂಡಿತರ ಈ ಜಗಳ ಇಲ್ಲಿಗೆ ಸಾಕು.

ಹಳೆಯ ಇಂಗ್ಲಿಷಿನಲ್ಲಿ ಈ ಪುಟ್ಟ ಪದಗಳಲ್ಲಿ ಎಷ್ಟೋ ಕ್ರಿಯಾಪದದ ಮುಂದೆ ಅಂಟಿಕೊಂಡಿರುತ್ತಿದ್ದವು. ಶತಮಾನಗಳು ಕಳೆದಂತೆ ಹೆಚ್ಚಿನವು ಹಿಂದಕ್ಕೆ ಸರಿದವು. ಮುಂದಂಟಿನ ನಮೂನೆ ಮಾತ್ರ ಅಳಿಯಲಿಲ್ಲ, ಒಂದೇ ಸಾಮಗ್ರಿಯಿಂದ ಎರಡು ಬಗೆಯ ಪದ ಸಿಗುವಂತಾಯಿತು. ನಮ್ಮ ರಸ್ತೆಯಲ್ಲಿ ಬಸ್ಸು ಮಾಡುವುದು "ಓವರ್‌ಟೇಕ್", ಕಂಪನಿ ಕಂಪನಿಯನ್ನು ನುಂಗುವುದು "ಟೇಕ್ ಓವರ್". ಹೈಕೋರ್ಟು ಕೆಳ ನ್ಯಾಯಾಲಯದ ತೀರ್ಪನ್ನು ಎತ್ತಿಹಿಡಿದರೆ "ಅಪ್‌ಹೋಲ್ಡ್". ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಸಿಕ್ಕಿಹಾಕಿಕೊಂಡರೆ ನೀವು "ಹೆಲ್ಡ್ ಅಪ್".

ಸಂಸ್ಕೃತ ಬಲ್ಲವರಿಗೆ ಇಲ್ಲಿ ಉಪಸರ್ಗ ನೆನಪಾಗುತ್ತದೆ. ಒಂದೇ ಧಾತುವಿನಿಂದ ಆಹಾರ, ವಿಹಾರ, ಸಂಹಾರ, ಪರಿಹಾರ ಹುಟ್ಟುವುದನ್ನು ಶಾಲೆಯಲ್ಲೇ ಕೇಳಿರುತ್ತೇವೆ. ವೇದದ ಭಾಷೆಯಲ್ಲಿ ಉಪಸರ್ಗ ಧಾತುವಿಗೆ ಅಂಟಿಯೇ ಇರಬೇಕೆಂದಿರಲಿಲ್ಲ. ಅದು ಕ್ರಿಯಾಪದದ ನಂತರ ಬರಬಹುದು, ನಡುವೆ ಬೇರೆ ಪದಗಳೂ ಇರಬಹುದು ಎಂದು ಪಾಣಿನಿ ಅಷ್ಟಾಧ್ಯಾಯಿಯ ಮೊದಲ ಅಧ್ಯಾಯದ ನಾಲ್ಕನೆಯ ಪಾದದಲ್ಲಿ ಸೂತ್ರ ಮಾಡಿದ್ದಾನೆ. "ಲುಕ್ ಇಟ್ ಅಪ್" ಅವನಿಗೆ ಅಪರಿಚಿತವಾಗಿ ಕಾಣುತ್ತಿರಲಿಲ್ಲ. ಮುಂದಿನ ಸೂತ್ರ ಇನ್ನೂ ಸ್ವಾರಸ್ಯದ್ದು. ಅಲ್ಲಿಂದ ಅವನು ಕರ್ಮಪ್ರವಚನೀಯ ಎಂಬ ಬೇರೆಯೇ ಗುಂಪನ್ನು ಶುರು ಮಾಡುತ್ತಾನೆ. ಅನು, ಪ್ರತಿ, ಪರಿ ಮುಂತಾದ ಅದೇ ಪದಗಳು ಕ್ರಿಯೆಯನ್ನು ಬಿಟ್ಟು ನಾಮಪದದ ಕಡೆ ವಾಲಿ, ಆ ನಾಮಪದಕ್ಕೆ ಇಂಥದೇ ವಿಭಕ್ತಿ ಬೇಕೆಂದು ಪಟ್ಟು ಹಿಡಿದಾಗ ಅವಕ್ಕೆ ಈ ಹೆಸರು. ವ್ಯಾಖ್ಯಾನಕಾರರು ಕೊಡುವ ಹಳೆಯ ಉದಾಹರಣೆ, "ವೃಕ್ಷಂ ಪ್ರತಿ ವಿದ್ಯೋತತೇ ವಿದ್ಯುತ್". ಮರದತ್ತ ಮಿಂಚು ಹೊಳೆಯುತ್ತಿದೆ. ಇದರಲ್ಲಿ "ವಿ" ಹೊಳೆಯುವ ಕ್ರಿಯೆಗೆ ಅಂಟಿದೆ, "ಪ್ರತಿ" ಮರವನ್ನು ಹಿಡಿದುಕೊಂಡಿದೆ. ಇಂಗ್ಲಿಷ್ ತರಗತಿಯಲ್ಲಿ ಫ್ರೇಸಲ್ ವರ್ಬ್ ಮುಗಿದು ಪ್ರಿಪೊಸಿಷನಲ್ ಫ್ರೇಸ್ ಶುರುವಾಗುವ ಗೆರೆ ಎಂದು ಬೋರ್ಡಿನ ಮೇಲೆ ಎಳೆಯುತ್ತಾರಲ್ಲ, ಅಂಥದೇ ಗೆರೆಯನ್ನು ಪಾಣಿನಿ ಎರಡು ಸಾವಿರ ವರ್ಷಗಳಿಗೂ ಹಿಂದೆ ಎಳೆದಿದ್ದ.

ಇಂಗ್ಲಿಷ್ ಪಂಡಿತರು ಮಾತ್ರ ಈ ಗೆರೆಯನ್ನು ಬಿಟ್ಟು ಇನ್ನೊಂದರ ಬೆನ್ನು ಹತ್ತಿದರು: ವಾಕ್ಯದ ಕೊನೆಯಲ್ಲಿ ಪ್ರಿಪೊಸಿಷನ್ ಬರಬಾರದು! 1672ರಲ್ಲಿ ಜಾನ್ ಡ್ರೈಡನ್ ತನಗಿಂತ ಹಿಂದಿನ ಬೆನ್ ಜಾನ್ಸನ್‌ನ ನಾಟಕದಲ್ಲಿ ಅಂಥ ಸಾಲನ್ನು ಹಿಡಿದು ಆಕ್ಷೇಪಿಸಿದ. 1684ರಲ್ಲಿ ತನ್ನದೇ ಹಳೆಯ ಪ್ರಬಂಧ ಮತ್ತೆ ಅಚ್ಚಾಗುವಾಗ ಕೊನೆಯಲ್ಲಿ ನೇತಾಡುತ್ತಿದ್ದವನ್ನು ಹುಡುಕಿ ಹುಡುಕಿ ತಿದ್ದಿದ. ಲ್ಯಾಟಿನ್ನಿನ ಶಿಸ್ತು ಅವನ ಕಣ್ಣಿಗೆ ಕಟ್ಟಿತ್ತು. ಬಿಷಪ್ ರಾಬರ್ಟ್ ಲೌತ್ 1762ರ ತನ್ನ ವ್ಯಾಕರಣದಲ್ಲಿ ಈ ರೂಢಿಯನ್ನು ಗಂಭೀರ ಬರಹಕ್ಕೆ ಒಗ್ಗದ್ದೆಂದ, ಆದರೆ ಅದನ್ನು ಹೇಳುವ ವಾಕ್ಯದ ಮೊದಲ ತುಂಡನ್ನೇ "ಟು" ಎಂದು ಮುಗಿಸಿದ. ಬೇಕೆಂದೇ ಮಾಡಿದ್ದು ಎಂದು ನನ್ನ ಊಹೆ.

ಇದನ್ನು ಗೇಲಿ ಮಾಡುವ ಒಂದು ಮಾತು ವಿನ್‌ಸ್ಟನ್ ಚರ್ಚಿಲ್ ಹೆಸರಿನಲ್ಲಿ ಓಡಾಡುತ್ತದೆ. ಗುಮಾಸ್ತನೊಬ್ಬ ಅವರ ವಾಕ್ಯದ ಕೊನೆಯ ಪ್ರಿಪೊಸಿಷನ್ ತಿದ್ದಿದಾಗ, "ಇದನ್ನು ನಾನು ಸಹಿಸುವುದಿಲ್ಲ" ಎಂಬುದನ್ನೇ ಅವರು "ಅಪ್ ವಿತ್ ವಿಚ್ ಐ ವಿಲ್ ನಾಟ್ ಪುಟ್" ಎಂದು ತಿರುಚಿ ಬರೆದರಂತೆ. ಚರ್ಚಿಲ್ ಹೀಗೆ ಬರೆದದ್ದಕ್ಕೆ ಆಧಾರ ಸಿಕ್ಕಿಲ್ಲ. ಅದಿರಲಿ, ಈ ಜೋಕು ನಗಿಸುವುದು ಯಾವ ಕಾರಣಕ್ಕೆ ಎಂದು ನೋಡಿದ್ದೀರಾ? ನಿಯಮ ಕೇಳುವುದು "ವಿತ್" ಒಂದನ್ನು ಮುಂದಕ್ಕೆ ತರಲು. "ವಿತ್ ವಿಚ್ ಐ ವಿಲ್ ನಾಟ್ ಪುಟ್ ಅಪ್" ಎಂದರೆ ಸ್ವಲ್ಪ ಬಿಗುವಾದ ಇಂಗ್ಲಿಷ್, ನಗು ಬರುವುದಿಲ್ಲ. ಜೋಕು ಕಟ್ಟಿದವನು "ಅಪ್" ಅನ್ನೂ ಕ್ರಿಯಾಪದದಿಂದ ಕಿತ್ತು ಎಳೆದು ತಂದಿದ್ದಾನೆ, ಹಾಗಾಗಿ ಕೊನೆಯಲ್ಲಿ ಬಡಪಾಯಿ "ಪುಟ್" ಒಂಟಿಯಾಗಿ ನಿಂತು ಪೆಚ್ಚಾಗಿ ಕಾಣುತ್ತದೆ. ನಿಯಮವನ್ನು ಗೇಲಿ ಮಾಡಲು ಮಾಡಿದ ಸಣ್ಣ ಮೋಸ ಅದು. ಆದರೆ ಆ ಮೋಸವೇ "ಅಪ್" ಯಾರ ಕಡೆಯದು ಎಂಬುದನ್ನು ಎಲ್ಲ ಪಠ್ಯಪುಸ್ತಕಗಳಿಗಿಂತ ಚೆನ್ನಾಗಿ ತೋರಿಸಿಕೊಡುತ್ತದೆ.

ಮಕ್ಕಳ ಕುರಿತ ಇನ್ನೊಂದು ಹಳೆಯ ನಗೆಹನಿ ಇದನ್ನೂ ಮೀರಿಸುತ್ತದೆ. ರಾತ್ರಿ ಮಹಡಿ ಮೇಲೆ ಮಲಗಿದ ಮಗುವಿಗೆ ಕಥೆ ಓದಲು ಅಪ್ಪ ಕೆಳಗಿನಿಂದ ಪುಸ್ತಕ ತರುತ್ತಾನೆ, ಮಗುವಿಗೆ ಬೇಡವಾದ ಪುಸ್ತಕ. ಮಗು ಕೇಳುವ ಪ್ರಶ್ನೆ: "ವಾಟ್ ಡಿಡ್ ಯು ಬ್ರಿಂಗ್ ದಟ್ ಬುಕ್ ಐ ಡಿಡ್‌ನ್ಟ್ ವಾಂಟ್ ಟು ಬಿ ರೆಡ್ ಟು ಔಟ್ ಆಫ್ ಅಪ್ ಫಾರ್?" ಕೊನೆಯಲ್ಲಿ ಐದು ಪುಟ್ಟ ಪದಗಳು ಸಾಲಾಗಿ ನಿಂತಿವೆ. ಒಂದೊಂದನ್ನೂ ಅದರ ಮನೆಗೆ ಕಳಿಸಿ. "ಫಾರ್" ಹೋಗಬೇಕಾದದ್ದು ವಾಕ್ಯದ ತಲೆಯಲ್ಲಿರುವ "ವಾಟ್" ಬಳಿಗೆ. ಎರಡೂ ಸೇರಿದರೆ ಯಾಕೆ ಎಂದರ್ಥ. "ಅಪ್" ಹೋಗುವುದು "ಬ್ರಿಂಗ್"ಗೆ, ಮಹಡಿಗೆ ತಂದದ್ದು. "ಔಟ್ ಆಫ್" ಪುಸ್ತಕದ್ದು, ಅದರಿಂದ ಓದುವುದು. "ಟು" ಮಗುವಿನದು, ಅದಕ್ಕೆ ಓದಿ ಹೇಳುವುದು. ಈಗ ಕನ್ನಡದಲ್ಲಿ ಕೇಳಿ ನೋಡಿ: ನನಗೆ ಓದಿಸಿಕೊಳ್ಳಲು ಇಷ್ಟವಿಲ್ಲದ ಆ ಪುಸ್ತಕವನ್ನು ಯಾಕೆ ಮೇಲಕ್ಕೆ ತಂದೆ? ಐದರಲ್ಲಿ ಒಂದೂ ನೇತಾಡುತ್ತಿಲ್ಲ. ನಮ್ಮ ವಿಭಕ್ತಿ ನಾಮಪದಕ್ಕೆ ಹತ್ತಿದ ಮೇಲೆ ಇಳಿಯುವುದಿಲ್ಲವಾದ್ದರಿಂದ ಡ್ರೈಡನ್‌ನ ಚಿಂತೆ ಕನ್ನಡಕ್ಕೆ ಬರುವಂತೆಯೇ ಇಲ್ಲ.

ಇನ್ನು ಕೆಲವೆಡೆ ಪ್ರಿಪೊಸಿಷನ್ ಹಿಡಿದ ನಾಮಪದ ಬರೀ ಅತಿಥಿ. ಪ್ರತಿ ವರ್ಷ ಜೂನ್ ಬಂತೆಂದರೆ ಇಂಗ್ಲಿಷ್ ಪತ್ರಿಕೆಗಳಲ್ಲಿ "ಮಾನ್ಸೂನ್ ಸೆಟ್ಸ್ ಇನ್ ಓವರ್ ಕೇರಳ" ಎಂಬ ತಲೆಬರಹ ಕಾಣುತ್ತದೆ. ಹವಾಮಾನ ಇಲಾಖೆಯ ವಾಡಿಕೆಯಂತೆ ಜೂನ್ 1 ಅದರ ಸಾಮಾನ್ಯ ದಿನ. "ಸೆಟ್ ಇನ್" ಎಂದರೆ ನೆಲೆಯೂರಲು ಶುರುವಾಗು. "ಓವರ್ ಕೇರಳ" ಎಲ್ಲಿ ಎಂಬುದನ್ನಷ್ಟೇ ಹೇಳುತ್ತದೆ. ತೆಗೆದರೂ ಮಳೆ ನಿಲ್ಲುವುದಿಲ್ಲ. "ಇನ್ ಓವರ್" ಎಂಬ ಜೋಡಿಯನ್ನು ನಿಘಂಟಿನಲ್ಲಿ ಹುಡುಕುವ ವಿದ್ಯಾರ್ಥಿ ಕೀಲನ್ನು ತಪ್ಪಾದ ಕಡೆ ಹುಡುಕುತ್ತಿದ್ದಾನೆ.

ಅತಿಥಿಯಾದರೂ ಕೆಲವೊಮ್ಮೆ ಮನೆಯ ಅರ್ಥವನ್ನೇ ಬದಲಿಸುವಷ್ಟು ಪ್ರಭಾವಿ. ನಮ್ಮವರು "ಐ ಪಾಸ್ಡ್ ಔಟ್ ಫ್ರಮ್ ಕಾಲೇಜ್ ಇನ್ 2010" ಎಂದರೆ ಓದು ಮುಗಿಸಿದೆ ಎಂದರ್ಥ. ಇದು ಸೇನೆಯ ತರಬೇತಿ ಮುಗಿದಾಗ ನಡೆಯುವ ಪಾಸಿಂಗ್ ಔಟ್ ಪರೇಡಿನ ನೆಂಟ, ಬ್ರಿಟಿಷ್ ಇಂಗ್ಲಿಷಿನದೇ ಮೂಲ. ಅಮೆರಿಕದವರ ಕಿವಿಗೆ "ಪಾಸ್ಡ್ ಔಟ್" ಎಂದರೆ ಪ್ರಜ್ಞೆ ತಪ್ಪಿ ಬಿದ್ದದ್ದು. "ಪಾಸ್ಡ್ ಔಟ್ ಫ್ರಮ್ ದ ಹೀಟ್" ಎಂದರೆ ಬಿಸಿಲಿನ ಝಳಕ್ಕೆ ಮೂರ್ಛೆ ಹೋದ. ಎರಡರಲ್ಲೂ "ಫ್ರಮ್" ಇದೆ, ಒಂದು ಕಡೆ ಬಿಟ್ಟುಬಂದ ಜಾಗವನ್ನು ಹೇಳುತ್ತದೆ, ಇನ್ನೊಂದು ಕಡೆ ಕಾರಣವನ್ನು. ಕಾಲೇಜು ಎಂಬ ಪದ ಬಂದಾಗ ಪದವಿ, ಬಿಸಿಲು ಎಂಬ ಪದ ಬಂದಾಗ ಮೂರ್ಛೆ. ಕೆಲವು ಕಾಲೇಜುಗಳ ವಿಷಯದಲ್ಲಿ ಎರಡೂ ಅರ್ಥ ಹೊಂದುತ್ತವೆ ಎನ್ನುವವರಿದ್ದಾರೆ.

ಕೀಲು ಎಲ್ಲಿದೆ ಎಂದು ಗೊತ್ತಿದ್ದರೆ ಬರೆಯುವಾಗ ಕೆಲವು ತಪ್ಪುಗಳು ತಾವಾಗಿಯೇ ಕಳಚಿಕೊಳ್ಳುತ್ತವೆ. ತಲೆಮರೆಸಿಕೊಂಡಿದ್ದವನು ಪೊಲೀಸರಿಗೆ ಶರಣಾದ ಎನ್ನಲು "ಟರ್ನ್ಡ್ ಹಿಮ್‌ಸೆಲ್ಫ್ ಇನ್ ಟು ದ ಪೊಲೀಸ್" ಎನ್ನಬೇಕು. "ಇನ್" ಕ್ರಿಯೆಯದು, "ಟು" ಪೊಲೀಸರದು. ನಡುವೆ ಖಾಲಿ ಜಾಗ ಬೇಕೇ ಬೇಕು. ಎರಡನ್ನೂ ಕೂಡಿಸಿ "ಇನ್ಟು" ಮಾಡಿದರೆ ಆರೋಪಿ ತಾನೇ ಪೊಲೀಸಾಗಿ ರೂಪಾಂತರ ಹೊಂದಿದ ಎಂದಾಗುತ್ತದೆ. "ಲಾಗಿನ್" ಎಂದು ಕೂಡಿಸಿ ಬರೆದರೆ ನಾಮಪದ, "ಲಾಗ್ ಇನ್" ಎಂದು ಬಿಡಿಸಿದರೆ ಕ್ರಿಯಾಪದ ಎಂಬುದೂ ಇದೇ ಲೆಕ್ಕ.

ಕೆಲಸಕ್ಕೆ ಅರ್ಜಿ ಹಾಕುವವರ ಇಮೇಲ್‌ಗಳ ಕೊನೆಯಲ್ಲಿ "ಲುಕಿಂಗ್ ಫಾರ್ವರ್ಡ್ ಟು ಮೀಟ್ ಯು" ಎಂದು ಎಷ್ಟು ಸಲ ಕಾಣುತ್ತದೆ! ಇಂಗ್ಲಿಷಿನಲ್ಲಿ ಎರಡು "ಟು"ಗಳಿವೆ. ಒಂದು ಕ್ರಿಯಾಪದದ ಮುಂದೆ ನಿಂತು "ಟು ಈಟ್", "ಟು ಗೋ" ಎನ್ನಿಸುವಂಥದು. ಇನ್ನೊಂದು ಪ್ರಿಪೊಸಿಷನ್. "ಲುಕ್ ಫಾರ್ವರ್ಡ್" ಬಳಿಕ ಬರುವುದು ಎರಡನೆಯದು, ಅದಕ್ಕೆ ನಾಮಪದ ಬೇಕು, ಆದ್ದರಿಂದ "ಮೀಟಿಂಗ್". ಕನ್ನಡದಲ್ಲಿ ನಾವು ಭೇಟಿಯನ್ನು ಎದುರು ನೋಡುತ್ತೇವೆಯೇ ಹೊರತು "ಭೇಟಿಯಾಗಲು ಎದುರು ನೋಡು" ಎಂದರೆ ನಮಗೇ ಕಿವಿ ಚುಚ್ಚುತ್ತದೆ. ಕೈಯಲ್ಲೇ ಇದ್ದ ಈ ಸುಳಿವನ್ನು ತರಗತಿಗಳು ಬಳಸುವುದಿಲ್ಲ. ಇಂಗ್ಲಿಷ್ ಪಾಠದಲ್ಲಿ ಕನ್ನಡ ನುಸುಳಬಾರದು ಎಂಬ ಮಡಿ ಅದಕ್ಕೆ ಕಾರಣ ಎಂದುಕೊಂಡಿದ್ದೇನೆ, ಆ ಮಡಿಯ ಬಗ್ಗೆ ನನಗೆ ಗೌರವವಿಲ್ಲ.

ಕೊನೆಯಲ್ಲಿ "ಕೋಪ್ ಅಪ್ ವಿತ್". ನಿಭಾಯಿಸು ಎಂಬ ಅರ್ಥದ "ಕೋಪ್"ಗೆ ಇಂಗ್ಲಿಷಿನವರು ಬರೀ "ವಿತ್" ಸೇರಿಸುತ್ತಾರೆ. ನಮ್ಮ ದೇಶದ ತುಂಬ ಅದಕ್ಕೊಂದು "ಅಪ್" ಹುಟ್ಟಿಕೊಂಡಿದೆ. ಎಲ್ಲಿಂದ ಬಂತು ಎಂದು ಊಹಿಸುವುದು ಕಷ್ಟವಲ್ಲ: "ಕೀಪ್ ಅಪ್ ವಿತ್", "ಕ್ಯಾಚ್ ಅಪ್ ವಿತ್", "ಪುಟ್ ಅಪ್ ವಿತ್" ಎಂದು ಅದೇ ಲಯದ ಅಕ್ಕತಂಗಿಯರು ಸುತ್ತಲೂ ನಿಂತಿರುವಾಗ "ಕೋಪ್" ಒಂದೇ ಯಾಕೆ ಬೋಳಾಗಿರಬೇಕು? ಜನ ಪಟ್ಟಿ ಓದಿ ಕಲಿತಿದ್ದರೆ ಈ ತಪ್ಪು ಹುಟ್ಟುತ್ತಲೇ ಇರಲಿಲ್ಲ. ನಮೂನೆ ಹಿಡಿದು ಕಲಿತದ್ದಕ್ಕೇ ಹುಟ್ಟಿದೆ. ತಿದ್ದಲು ನನ್ನ ಮೇಜಿಗೆ ಬಂದ ಬರಹದಲ್ಲಿ ಆ "ಅಪ್" ಇದ್ದರೆ ಹೊಡೆದುಹಾಕುತ್ತೇನೆ, ಮಾತಿನಲ್ಲಿ ಕೇಳಿದರೆ ಸುಮ್ಮನಿರುತ್ತೇನೆ. ಕಾಲೇಜಿನಿಂದ "ಪಾಸ್ ಔಟ್" ಆದವರನ್ನಾಗಲೀ ಚಿಕ್ಕಪ್ಪನ ಮನೆಯಲ್ಲಿ "ಪುಟ್ ಅಪ್" ಆದವರನ್ನಾಗಲೀ ಬರಹದಲ್ಲೂ ಮುಟ್ಟುವುದಿಲ್ಲ. "ಡಿಸ್ಕಸ್ ಅಬೌಟ್" ವಿಷಯದಲ್ಲಿ ಮಾತ್ರ ಅಂಥ ಸಮಾಧಾನ ಇನ್ನೂ ಬಂದಿಲ್ಲ, ಅದು "ವಿಷಯದ ಬಗ್ಗೆ ಚರ್ಚಿಸು" ಎಂಬ ಕನ್ನಡದಿಂದಲೇ ಇಂಗ್ಲಿಷಿಗೆ ದಾಟಿರಬಹುದು ಎಂಬ ಗುಮಾನಿ ನನಗಿದ್ದರೂ ಕೂಡ.